ಬಿಳಿ ರಸ್ತೆಯ ಮೇಷ್ಟ್ರು

ಗಾಜಿನ ಬಾಗಿಲಿನ ಆಚೆ ಐದು ಕ್ರೊಸಾಂಟ್ ಉಳಿದಿದ್ದವು. ಬೇಕರಿಯ ಹೆಂಗಸು ಕೌಂಟರ್ ಒರೆಸುತ್ತಿದ್ದರು. ನಾನು ಗಾಜಿಗೆ ಮೂಗು ಒತ್ತಿ, ಕೈ ಮುಗಿದು, ಹೊಟ್ಟೆ ಮುಟ್ಟಿ ತೋರಿಸಿದೆ. ಆಕೆ ತುಂಬಾ ಪ್ರೀತಿಯಿಂದ ನಕ್ಕರು. ಆಮೇಲೆ ಬಟ್ಟೆ ಹಿಡಿದ ಕೈಯಲ್ಲೇ ಗೋಡೆ ಗಡಿಯಾರ ತೋರಿಸಿದರು. ಬಾಗಿಲು ಹಾಕುವುದು ಹನ್ನೆರಡೂವರೆಗೆ. ಆಗ ಹನ್ನೆರಡು ಮೂವತ್ತೈದು. ಭಾನುವಾರ ಮಧ್ಯಾಹ್ನ ಮುಚ್ಚಿದರೆ ಮುಗೀತು, ಸೋಮವಾರವೂ ರಜೆ. ಇನ್ನು ಮಂಗಳವಾರವೇ ಬ್ರೆಡ್ಡು. ಫ್ರಾನ್ಸಿನ ಹಳ್ಳಿಗಳಲ್ಲಿ ಸೈಕಲ್ ತುಳಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಆ ಐದು ನಿಮಿಷ ತಡವಾಗಿದ್ದು ನಮ್ಮ ಮೇಷ್ಟ್ರಿಂದ.

ಮೇಷ್ಟ್ರು ಅಂದರೆ ಟುಲೂಸಿನಲ್ಲಿ ನಮ್ಮ ಕೆಳಗಿನ ಮನೆಯವರು. ಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವರು, ಎಪ್ಪತ್ತು ದಾಟಿದೆ, ಕಾಲು ಮಾತ್ರ ಇಪ್ಪತ್ತರಲ್ಲೇ ನಿಂತಿವೆ. ಭಾನುವಾರ ಬಂತೆಂದರೆ ಇಬ್ಬರೂ ಸೈಕಲ್ ಸಮೇತ ಲೋಕಲ್ ರೈಲು ಹತ್ತಿ ಪಶ್ಚಿಮಕ್ಕೆ, ಜೆರ್ಸ್ ಜಿಲ್ಲೆಗೆ ಹೋಗುತ್ತೇವೆ. ಮೇಷ್ಟ್ರಿಗೆ ಜಿಪಿಎಸ್ ಆಗುವುದಿಲ್ಲ. ಜರ್ಸಿಯ ಹಿಂದಿನ ಜೇಬಿನಲ್ಲಿ ಮಿಶಲನ್ ಕಂಪನಿಯ ರಸ್ತೆ ನಕ್ಷೆ ಇರುತ್ತದೆ. ಮಡಿಸಿ ಮಡಿಸಿ, ಬೆವರಿನಲ್ಲಿ ನೆನೆದು, ಮಡಿಕೆ ಬಿದ್ದ ಕಡೆ ಊರುಗಳೇ ಅಳಿಸಿ ಹೋಗಿವೆ. ಆ ನಕ್ಷೆಯಲ್ಲಿ ದೊಡ್ಡ ರಸ್ತೆಗೆ ಕೆಂಪು, ಅದಕ್ಕಿಂತ ಚಿಕ್ಕದಕ್ಕೆ ಹಳದಿ, ಯಾರಿಗೂ ಬೇಡದ ರಸ್ತೆಗೆ ಬಿಳಿ. ಮೇಷ್ಟ್ರು ಹೋಗುವುದು ಬಿಳಿಯಲ್ಲಿ ಮಾತ್ರ.

ಮೊನ್ನೆ ನಾವು ಜಿಮೋಂ ಎಂಬ ಊರಿನಲ್ಲಿ ರೈಲು ಇಳಿದಾಗ ಎದುರಿಗೇ ಒಳ್ಳೆಯ ಹಳದಿ ರಸ್ತೆ ಇತ್ತು. ನುಣುಪಾದ ಟಾರು, ಎರಡೂ ಬದಿ ಮರ, ಬೇಕರಿ ಊರಿಗೆ ನೇರ ದಾರಿ. ಮೇಷ್ಟ್ರು ಅಂಚಿನಲ್ಲಿ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಒಂದು ಕಾರು ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. "ನೋಡಿದೆಯಾ," ಅಂದರು, "ಇದು ಹೆದ್ದಾರಿಯಾಗಿ ಹೋಗಿದೆ."

ಸಿಲ್ಕ್ ಬೋರ್ಡಿನಲ್ಲಿ ಅರ್ಧ ಆಯಸ್ಸು ಕಳೆದ ನನ್ನ ಮುಂದೆ ಈ ಮಾತು.

ಇಲ್ಲಿ ಊರಾಚೆ ಸೈಕಲ್ಲನ್ನು ದಾಟುವ ಕಾರು ಒಂದೂವರೆ ಮೀಟರ್ ಜಾಗ ಬಿಡಬೇಕು. ಕಾನೂನೇ ಹಾಗಿದೆ. ತಿರುವಿನಲ್ಲಿ ಅಷ್ಟು ಜಾಗ ಸಿಗದಿದ್ದರೆ ಹೆಚ್ಚಿನವರು ಹಾರ್ನ್ ಹೊಡೆಯದೆ ಸುಮ್ನೆ ಹಿಂದೆ ಹಿಂದೆ ಬರುತ್ತಾರೆ. ನನಗೆ ಅದರಷ್ಟು ಭಯ ಬೇರೆ ಇಲ್ಲ. ಬೈದು ಹೋಗುವವನು ಹೋಗಿಬಿಡುತ್ತಾನೆ, ಸುಮ್ಮನಿರುವವನ ಮನಸ್ಸಿನಲ್ಲಿ ಏನಿದೆಯೋ. ಮೇಷ್ಟ್ರಿಗೆ ಅದೂ ಗಲಾಟೆಯೇ. ಕಾರು ಹೋದ ಮೇಲೆ ಜೋರಾಗಿ ಲೆಕ್ಕ ಹೇಳುತ್ತಾರೆ: "ಮೂರು!" ನಾಲ್ಕಾದರೆ ಆ ರಸ್ತೆ ಅವರ ಪಾಲಿಗೆ ಸತ್ತ ಹಾಗೆ. ಪೆನ್ಸಿಲ್ ತೆಗೆದು ನಕ್ಷೆಯಲ್ಲಿ ಕಾಟು ಹಾಕುತ್ತಾರೆ.

ಬಿಳಿ ರಸ್ತೆ ಯಾಕೆ ಖಾಲಿ ಇರುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಜೆರ್ಸ್ ಜಿಲ್ಲೆಯ ಹೆಚ್ಚಿನ ನದಿಗಳು ದಕ್ಷಿಣದ ಲಾನ್‌ಮೆಜಾನ್ ಪ್ರಸ್ಥಭೂಮಿಯ ಕಡೆಯಿಂದ ಬೀಸಣಿಗೆಯ ಕಡ್ಡಿಗಳಂತೆ ಉತ್ತರಕ್ಕೆ ಹರಡಿವೆ. ಸಾವ್, ಜಿಮೋನ್, ಆರಾ, ಜೆರ್ಸ್, ಬಾಯಿಸ್, ಒಂದರ ಪಕ್ಕ ಒಂದು. ಎರಡು ನದಿಗಳ ಮಧ್ಯೆ ಒಂದೊಂದು ಉದ್ದ ದಿಣ್ಣೆ. ಬುದ್ಧಿ ಇರುವವರು ನದಿ ಜೊತೆ ಹೋಗುತ್ತಾರೆ, ಕಾರುಗಳೂ ಅಲ್ಲೇ ಓಡುತ್ತವೆ. ನದಿಗೆ ಅಡ್ಡ ಹೊರಟವನು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ನಕ್ಷೆಯಲ್ಲಿ ಏರಿಗೆ ಬಾಣದ ಗುರುತು ಹಾಕಿರುತ್ತಾರೆ: ಒಂದು ಬಾಣ ಇದ್ದರೆ 5ರಿಂದ 9 ಪರ್ಸೆಂಟ್, ಎರಡಿದ್ದರೆ 9ರಿಂದ 13. ಮೇಷ್ಟ್ರಿಗೆ ಕಾರು ಎಷ್ಟು ದೂರದಲ್ಲಿದ್ದರೂ ಕಾಣುತ್ತದೆ, ಬಾಣ ಮಾತ್ರ ಕಾಣುವುದಿಲ್ಲ. ಎರಡು ಕಾರು ತಪ್ಪಿಸಲು ದಿಣ್ಣೆ ಮೇಲೆ ದಿಣ್ಣೆ ಹತ್ತಿಸಿ, ಬೇಕರಿ ಮುಚ್ಚಿ ಐದು ನಿಮಿಷಕ್ಕೆ ನನ್ನನ್ನು ತಂದು ಮುಟ್ಟಿಸಿದರು.

ಹೊಟ್ಟೆಗೆ ಅವರ ಹತ್ತಿರ ಮೂರು ಒಣ ಪ್ಲಮ್ ಇದ್ದವು. ಎರಡು ತಾವು ತಿಂದು ನನಗೊಂದು ಕೊಟ್ಟರು.

ನೀರಿನ ಬಾಟಲಿಯೂ ಖಾಲಿ. ಅದಕ್ಕೆ ಇಲ್ಲಿ ಒಂದು ಉಪಾಯ ಇದೆ, ಸೈಕಲ್ಲಿನವರಿಗೆಲ್ಲ ಗೊತ್ತು. ಅಂಗಡಿ ಇಲ್ಲದ ಹಳ್ಳಿ ಬೇಕಾದಷ್ಟಿವೆ, ಸ್ಮಶಾನ ಇಲ್ಲದ ಹಳ್ಳಿ ಅಪರೂಪ. ಸಮಾಧಿಯ ಹೂಗಿಡಗಳಿಗೆ ನೀರು ಹಾಕಲು ಗೇಟಿನ ಹತ್ತಿರ ನಲ್ಲಿ ಇಟ್ಟಿರುತ್ತಾರೆ. ಕುಡಿಯಬಾರದು ಎಂದು ಬೋರ್ಡ್ ಇಲ್ಲದಿದ್ದರೆ ಹಿಡಿದುಕೊಳ್ಳಬಹುದು. ಚಳಿಗಾಲದಲ್ಲಿ ಹಿಮಕ್ಕೆ ಪೈಪ್ ಒಡೆಯುತ್ತದೆ ಎಂದು ಹಲವು ಕಡೆ ಬಂದ್ ಮಾಡುತ್ತಾರೆ. ಮೊನ್ನೆ ಬರುತ್ತಿತ್ತು. ಬಾಟಲಿ ಹಿಡಿದು ನಿಂತೆ. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅಮ್ಮನ ವಿಡಿಯೊ ಕಾಲ್. ಅಲ್ಲಿ ಸಂಜೆ ನಾಲ್ಕೂವರೆಯ ಹತ್ತಿರ, ಕಾಫಿ ಹೊತ್ತು.

"ಎಲ್ಲಿದ್ದೀಯೋ? ಹಿಂದೆ ಎಂತದದು, ಚಂದದ ಕಲ್ಲು?"

"ಹೀಗೇ ಒಂದು ಜಾಗ ಅಮ್ಮಾ."

"ದೇವಸ್ಥಾನದ ಹಾಗಿದೆ."

"ಹತ್ತಿರದಲ್ಲೇ ಚರ್ಚಿದೆ."

"ಫೋನು ತಿರುಗಿಸು, ನೋಡ್ತೇನೆ."

ತಿರುಗಿಸದೆ ಬೇರೆ ದಾರಿ ಇರಲಿಲ್ಲ. ಶಿಲುಬೆ, ಪ್ಲಾಸ್ಟಿಕ್ ಹೂವು, ಫೋಟೊ ಕೂರಿಸಿದ ಕಪ್ಪು ಗ್ರಾನೈಟ್, ಸಾಲಾಗಿ ಎಲ್ಲ ಕಂಡವು. ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಸ್ಮಶಾನ!"

"ನೀರಿಗೆ ಬಂದೆ ಅಮ್ಮಾ."

"ಅಷ್ಟು ದೊಡ್ಡ ದೇಶ ಮಾರಾಯ, ಕುಡಿಯೋ ನೀರಿಗೆ ಸ್ಮಶಾನಕ್ಕೆ ಹೋಗ್ಬೇಕಾ? ಕುಡಿದ್ಯಾ?"

ಗಂಟಲಿನಲ್ಲಿ ಇನ್ನೂ ಒಂದು ಗುಟುಕು ಇತ್ತು. ಉತ್ತರ ಕೊಡಲು ಆಗಲಿಲ್ಲ.

"ಮನೆಗೆ ಹೋದ್ಮೇಲೆ ಸೀದಾ ಒಳಗೆ ಹೋಗ್ಬೇಡ. ಬಟ್ಟೆ ಹೊರಗೇ ಬಿಚ್ಚಿ ಹಾಕಿ, ತಲೆಗೆ ಸ್ನಾನ ಮಾಡಿ, ಆಮೇಲೆ ಒಳಗೆ."

"ನಾಲ್ಕನೇ ಮಹಡಿ ಅಮ್ಮಾ. ಹೊರಗೆ ಅಂದ್ರೆ ಲಿಫ್ಟು."

"ಯಾರೂ ಇಲ್ಲದಾಗ ಬಿಚ್ಚು."

ಮೇಷ್ಟ್ರು ಅಷ್ಟು ಹೊತ್ತಿಗೆ ನನ್ನ ಭುಜದ ಪಕ್ಕ ಬಂದು ಹಲ್ಲು ಬಿಟ್ಟು, ಅಮ್ಮನಿಗೆ ಕೈ ಬೀಸುತ್ತಿದ್ದರು. ಟೋಪಿ ಬೇರೆ ತೆಗೆದು, ನಲ್ಲಿಯ ಕೆಳಗೆ ಹಿಡಿದು, ನೀರು ಸೋರುವಂತೆಯೇ ತಲೆಗೆ ಹಾಕಿಕೊಂಡರು. ಅಮ್ಮ ಕಣ್ಣು ಮುಚ್ಚಿಕೊಂಡರು. "ಪಾಪ, ವಯಸ್ಸಾದವರು. ಅವರಿಗೂ ಸ್ನಾನ ಮಾಡೋಕೆ ಹೇಳು. ಈಗಲೇ ಹೇಳು, ನನ್ನೆದುರಿಗೇ."

ಹೇಳಿದೆ. ನಮ್ಮ ಅಮ್ಮ ನಿಮಗೆ ಮನೆಗೆ ಹೋದ ಕೂಡಲೇ ಸ್ನಾನ ಮಾಡಲು ಹೇಳುತ್ತಿದ್ದಾರೆ ಎಂದೆ. ಮೇಷ್ಟ್ರು ಗಂಭೀರವಾದರು. ತೋಳೆತ್ತಿ ಒಮ್ಮೆ ಮೂಸಿ ನೋಡಿಕೊಂಡರು. ಅಷ್ಟು ದೂರದಿಂದ ಅವರಿಗೆ ಹೇಗೆ ಗೊತ್ತಾಯಿತು ಎಂದು ಮೆಲ್ಲಗೆ ನನ್ನನ್ನು ಕೇಳಿದರು.

ಅಲ್ಲಿಂದ ಮುಂದೆ ಜಲ್ಲಿ. ಬೇಸಿಗೆಯಲ್ಲಿ ಈ ಸಣ್ಣ ರಸ್ತೆಗಳಿಗೆ ಡಾಂಬರು ಚಿಮುಕಿಸಿ, ಮೇಲೆ ಸಣ್ಣ ಜಲ್ಲಿ ಎರಚಿ, ರೋಲರ್ ಓಡಿಸಿ, ಎಚ್ಚರಿಕೆಯ ಬೋರ್ಡ್ ನೆಟ್ಟು ಹೋಗಿಬಿಡುತ್ತಾರೆ. ಮೇಲೆ ಉಳಿದ ಬಿಡಿ ಜಲ್ಲಿಯನ್ನು ಓಡಾಡುವ ಕಾರುಗಳ ಚಕ್ರವೇ ಒತ್ತಿ ಕೂರಿಸಬೇಕು. ಹಳದಿ ರಸ್ತೆಯಲ್ಲಿ ಅದು ಬೇಗ ಕೂರುತ್ತದೆ. ಬಿಳಿಯಲ್ಲಿ ಕಾರೇ ಇಲ್ಲವಲ್ಲ, ಹಾಗೇ ಬಿದ್ದಿರುತ್ತದೆ. ಇಳಿಜಾರಿನಲ್ಲಿ ಎರಡೂ ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೆ ಊರಿ, ಹಳೆ ಬಸ್ಸಿನ ಸದ್ದು ಮಾಡುತ್ತ ಇಳಿದೆ. ಆಗ ಎದುರಿಗೆ ಒಂದು ಕಾರು ಬಂದಿದ್ದರೆ ನಾನೇ ಕೈ ಅಡ್ಡ ಹಿಡಿದು, "ಇನ್ನೊಂದೆರಡು ಸಲ ಹಿಂದೆ ಮುಂದೆ ಹೋಗಪ್ಪ" ಅನ್ನುತ್ತಿದ್ದೆ.

ಇಳಿದ ಮೇಲೆ ಒಂದು ಊರು. ಚರ್ಚು, ಪಂಚಾಯ್ತಿ ಆಫೀಸು, ಬೆರಳೆಣಿಕೆಯ ಮನೆ, ಅದರಲ್ಲೂ ಹೆಚ್ಚಿನವಕ್ಕೆ ಕಿಟಕಿ ಬಾಗಿಲು ಮುಚ್ಚಿತ್ತು. ಒಂದು ಗೋಡೆಯಲ್ಲಿ ಕೆಫೆ ಎಂಬ ಅಕ್ಷರ ಅರ್ಧ ಮಾಸಿತ್ತು, ಅದರ ಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದರು. 1914–18ರ ಯುದ್ಧದಲ್ಲಿ ಸತ್ತವರ ಸ್ಮಾರಕ ಇಲ್ಲಿ ಹೆಚ್ಚುಕಮ್ಮಿ ಪ್ರತಿ ಊರಲ್ಲೂ ಇರುತ್ತದೆ, ಇಲ್ಲಿಯೂ ಇತ್ತು. ಕಲ್ಲಿನ ಮೇಲಿನ ಹೆಸರುಗಳು ಆ ಊರಿನ ತೆರೆದ ಕಿಟಕಿಗಳಿಗಿಂತ ಜಾಸ್ತಿ. ಒಂದೇ ಮನೆತನದ ಹೆಸರು ಎರಡೆರಡು ಸಲ. 1846ರಲ್ಲಿ ಈ ಜಿಲ್ಲೆಯಲ್ಲಿ 3 ಲಕ್ಷಕ್ಕೂ ಮೀರಿ ಜನ ಇದ್ದರು. ಈಗ 2 ಲಕ್ಷವೂ ಇಲ್ಲ. ಮೇಷ್ಟ್ರಿಗೆ ಇಷ್ಟವಾದ ಶಾಂತಿ ಎಂದರೆ ಎದ್ದು ಹೋದವರು ಬಿಟ್ಟ ಜಾಗ. ನಮ್ಮ ಊರಿನ ಕಡೆಯೂ ದೊಡ್ಡ ದೊಡ್ಡ ಮನೆಗಳಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ. ರಸ್ತೆ ಅಲ್ಲೂ ಖಾಲಿಯೇ. ಮಗ ನಾಲ್ಕನೇ ಮಹಡಿಯಲ್ಲಿ.

ಮೇಷ್ಟ್ರು ಕೂಡ ಆ ಕಲ್ಲಿನ ಮುಂದೆ ಟೋಪಿ ತೆಗೆದರು. ತಮ್ಮ ಅಜ್ಜಿಯ ಕಾಲದಲ್ಲಿ ಇಂಥ ಊರಲ್ಲೂ ಒಬ್ಬ ಬೇಕರಿಯವನು ಇದ್ದನಂತೆ. ಬೇಕರಿ ಮಾತು ತೆಗೆಯಬೇಡಿ ಎಂದೆ.

ಸಂಜೆ ಮನೆ ಸೇರಿ ಸ್ನಾನ ಮಾಡಿ ಎರಡು ತಟ್ಟೆ ಅನ್ನ ಉಂಡೆ. ಅಮ್ಮ ಮತ್ತೆ ಫೋನ್ ಮಾಡಿದರು. ನನ್ನದು ಆಯಿತು ಎಂದರೂ ಸಮಾಧಾನ ಇಲ್ಲ. "ಆ ಮೇಷ್ಟ್ರದ್ದು ಆಯ್ತಾ? ಹೋಗಿ ಕೇಳಿ ಬಾ." ಫೋನ್ ಹಿಡಿದೇ ಕೆಳಗಿಳಿದೆ. ಮೇಷ್ಟ್ರು ಒದ್ದೆ ತಲೆಯಲ್ಲೇ ಬಾಗಿಲು ತೆಗೆದರು, ಫೋನಿಗೆ ತಲೆ ಬಗ್ಗಿಸಿ ಕೂದಲು ತೋರಿಸಿದರು. ಅಮ್ಮನಿಗೆ ಖುಷಿಯಾಯಿತು. ಆದರೆ ಊಟದ ಮೇಜಿನ ಮೇಲೆ ನಕ್ಷೆ ಹರಡಿತ್ತು. ಮುಂದಿನ ಭಾನುವಾರದ ದಾರಿಗೆ ಆಗಲೇ ಪೆನ್ಸಿಲ್ ಗೆರೆ ಬಿದ್ದಿತ್ತು: ಪೂರ್ತಿ ಬಿಳಿ, ಮೂರು ಕಡೆ ಜೋಡಿ ಬಾಣ. ದಾರಿಯಲ್ಲಿ ಅಂಗಡಿ ಏನಾದರೂ ಇದೆಯಾ ಎಂದು ಕೇಳಿದೆ.

"ಚರ್ಚ್ ಇದೆ," ಅಂದರು.

ಈ ಸಲ ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತೇನೆ. ಮೇಷ್ಟ್ರಿಗೆ ಮೂರರಲ್ಲಿ ಒಂದು ಪಾಲು, ಅಷ್ಟೇ.