ಲೋಕ ಕಟ್ಟಿದವರಿಗೂ ಒಂದು ಪ್ರಶಸ್ತಿ ಬೇಕು

ವರ್ಷದ ಕೊನೆಗೆ ವಿಡಿಯೋ ಗೇಮ್ ಪ್ರಶಸ್ತಿಗಳ ಪಟ್ಟಿ ಬಂದಾಗಲೆಲ್ಲ ನಾನು ಅದರಲ್ಲಿ ಒಂದು ವಿಭಾಗವನ್ನು ಹುಡುಕುತ್ತೇನೆ. ಅದು ಇರುವುದಿಲ್ಲ. 2014ರಿಂದ ನಡೆಯುತ್ತಿರುವ ದಿ ಗೇಮ್ ಅವಾರ್ಡ್ಸ್‌ನಲ್ಲಿ ಕಥನಕ್ಕೆ ಪ್ರಶಸ್ತಿ ಇದೆ, ಕಲಾ ನಿರ್ದೇಶನಕ್ಕೆ ಇದೆ, ಸಂಗೀತಕ್ಕೆ, ಧ್ವನಿ ವಿನ್ಯಾಸಕ್ಕೆ, ನಟನೆಗೆ ಇದೆ. ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಕೊಡುವ ಗೇಮ್ ಪ್ರಶಸ್ತಿಗಳಲ್ಲೂ ಹೆಚ್ಚುಕಡಿಮೆ ಇದೇ ವಿಂಗಡಣೆ. ಆಟ ನಡೆಯುವ ಲೋಕವನ್ನೇ ಕಟ್ಟಿದವರಿಗೆ, ಅಲ್ಲಿನ ಮಳೆ ಬೆಳೆ, ದುಡ್ಡು, ದೇವರು, ಊಟ, ಕಾನೂನು ಎಲ್ಲವೂ ಒಂದಕ್ಕೊಂದು ಹೊಂದುವಂತೆ ತಲೆ ಕೆಡಿಸಿಕೊಂಡವರಿಗೆ ಏನೂ ಇಲ್ಲ. ಅವರ ದುಡಿಮೆ ಒಂದಿಷ್ಟು ಕಥೆಯ ಖಾತೆಗೆ, ಒಂದಿಷ್ಟು ಚಿತ್ರದ ಖಾತೆಗೆ ಜಮಾ ಆಗಿಬಿಡುತ್ತದೆ.

ಕಥೆ, ಚಿತ್ರ ಎರಡೂ ಸೇರಿದರೆ ಲೋಕವೇ ಆಯಿತಲ್ಲ ಎಂದು ಗೆಳೆಯರು ಕೇಳುತ್ತಾರೆ. ಹಾಗೆ ಕೇಳಿದವರಿಗೆಲ್ಲ ನಾನು 2019ರ ಔಟರ್ ವೈಲ್ಡ್ಸ್ ಆಡಿ ನೋಡಿ ಎನ್ನುತ್ತೇನೆ. ಅದರಲ್ಲೊಂದು ಪುಟ್ಟ ಸೌರಮಂಡಲವಿದೆ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು, ಎಲ್ಲವೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಲ್ಲಿರುವ ಎರಡು ಅವಳಿ ಗ್ರಹಗಳಲ್ಲಿ ಒಂದರ ಮರಳು ಇನ್ನೊಂದರ ಮೇಲೆ ಸುರಿಯುತ್ತಲೇ ಇರುತ್ತದೆ. ಈ ಗ್ರಹದ ಗುಹೆಗಳು ತುಂಬುತ್ತಾ ಹೋದಂತೆ ಆ ಗ್ರಹದಲ್ಲಿ ಹೂತುಹೋಗಿದ್ದ ಕಟ್ಟಡಗಳು ಮೆಲ್ಲಗೆ ತಲೆ ಎತ್ತುತ್ತವೆ. ಮೊದಲ ಸಲ ನಾನು ಗುಹೆಯೊಂದರ ಗೋಡೆಯ ಬರಹವನ್ನು ಓದುತ್ತ ನಿಂತಿದ್ದೆ. ಮರಳು ಕಾಲ ಬಳಿಯಿಂದ ಏರಿ ಏರಿ, ಕೊನೆಗೆ ನನ್ನನ್ನು ಗುಹೆಯ ಚಾವಣಿಗೆ ಒತ್ತಿ ಸಾಯಿಸಿತು. ಮುಂದಿನ ಸಲ ಹೊತ್ತು ನೋಡಿಕೊಂಡೇ ಇಳಿದೆ. ಆ ಲೋಕಕ್ಕೆ ಅದರದೇ ನಿಯಮವಿತ್ತು, ನಾನು ಅದನ್ನು ಮೈಯಿಂದ ಕಲಿತೆ. ಈ ಕಲಿಕೆಯನ್ನು ಕಥೆಯ ತೀರ್ಪುಗಾರರು ಯಾವ ತಕ್ಕಡಿಯಲ್ಲಿ ತೂಗಬೇಕು?

ನನ್ನ ವ್ಯಾಖ್ಯೆ ಇಷ್ಟೆ. ಆಟಗಾರ ದಾರಿ ಬಿಟ್ಟು ಪಕ್ಕಕ್ಕೆ ಹೋಗಿ "ಇದು ಇಲ್ಲಿ ಯಾಕಿದೆ" ಎಂದು ಕೇಳಿದರೆ, ಉತ್ತರ ಆ ಲೋಕದೊಳಗಿನಿಂದಲೇ ಸಿಗಬೇಕು. ವಿಸ್ತಾರಕ್ಕೆ ಇಲ್ಲಿ ಅಂಕವಿರಬಾರದು. 2016ರಲ್ಲಿ ಬಂದ ನೋ ಮ್ಯಾನ್ಸ್ ಸ್ಕೈ ಎಂಬ ಆಟದಲ್ಲಿ 18ರ ಮುಂದೆ 18 ಸೊನ್ನೆ ಹಾಕಿದರೆ ಆಗುವಷ್ಟು ಗ್ರಹಗಳಿವೆ. 2013ರ ಪೇಪರ್ಸ್, ಪ್ಲೀಸ್‌ನಲ್ಲಿ ಇರುವುದು ಒಂದು ಗಡಿ ಠಾಣೆಯ ಒಂದೇ ಮೇಜು. ಸಾಲಿನಲ್ಲಿ ಬಂದವರ ಪಾಸ್‌ಪೋರ್ಟ್ ನೋಡಿ ಮುದ್ರೆ ಒತ್ತಬೇಕು. ಎಷ್ಟು ಜನರ ಕಾಗದ ಸರಿಯಾಗಿ ನೋಡಿದೆವೋ ಅಷ್ಟು ಕೂಲಿ. ಸಂಜೆ ಆ ಕೂಲಿಯಲ್ಲೇ ಮನೆ ಬಾಡಿಗೆ, ಊಟ, ಚಳಿಗೆ ಬೆಂಕಿ, ಕಾಯಿಲೆ ಬಿದ್ದವರಿಗೆ ಔಷಧ. ಆರ್ಸ್‌ಟೋಟ್ಸ್ಕಾ ಎಂಬ ಆ ಕಲ್ಪಿತ ದೇಶದ ಬೀದಿಗಳಲ್ಲಿ ನಾನು ಒಂದು ದಿನವೂ ಓಡಾಡಿಲ್ಲ, ಆದರೂ ಅಲ್ಲಿನ ಭಯ ನನಗೆ ಗೊತ್ತು. ಬಾಫ್ಟಾ 2014ರಲ್ಲಿ ಈ ಆಟವನ್ನು ಗೌರವಿಸಿದ್ದು ತಂತ್ರಗಾರಿಕೆ ಮತ್ತು ಸಿಮ್ಯುಲೇಷನ್ (ನಿಜ ಜೀವನದ ಅನುಕರಣೆ) ವಿಭಾಗದಲ್ಲಿ. ಲೋಕ ಕಟ್ಟಿದ್ದಕ್ಕೆಂದು ಬೇರೆ ಜಾಗವೇ ಇರಲಿಲ್ಲ.

ಒಂದೇ ಪ್ರಶಸ್ತಿ ಸಾಲದು, ಎರಡು ಬೇಕು. ಪೂರ್ತಿ ಕಲ್ಪಿಸಿದ ಲೋಕಕ್ಕೆ ಒಂದು, ನಿಜವಾದ ನೆಲದಿಂದ ಎರವಲು ತಂದ ಲೋಕಕ್ಕೆ ಇನ್ನೊಂದು. ಯಾಕೆಂದರೆ ಎರವಲು ತಂದವರು ಆ ನೆಲಕ್ಕೆ ಲೆಕ್ಕ ಒಪ್ಪಿಸಬೇಕು. 2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಕಾಲದ ನಿಧಿಯ ಬೆನ್ನು ಹತ್ತಿ. ಹಳೇಬೀಡು ಎಂಬ ಹೆಸರು ಕಿವಿಗೆ ಬಿದ್ದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಜಲಪಾತ, ಕೆಂಪು ಮಣ್ಣು, ಜೀಪಿನ ಸವಾರಿ ಎಲ್ಲವೂ ಕಣ್ಣು ತುಂಬುವಂತಿವೆ. ಆದರೆ ಅಲ್ಲಿನ ವಿಗ್ರಹಗಳ ದೈತ್ಯ ಗಾತ್ರ ಹೊಯ್ಸಳರದಲ್ಲ. ಹೊಯ್ಸಳ ಶಿಲ್ಪಿ ಹಿಡಿದದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದಾಗ ಅದು ಮೆದು, ಆಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಉಳಿ ಅಷ್ಟು ಸೂಕ್ಷ್ಮಕ್ಕೆ ಇಳಿಯಿತು. ಹಳೇಬೀಡಿನ ಗುಡಿಗೆ ಸುತ್ತು ಹಾಕಿದವರಿಗೆ ಗೊತ್ತು, ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ಪುರಾಣದ ಕಥೆ. ಎಲ್ಲವೂ ಬಗ್ಗಿ, ಹತ್ತಿರ ಹೋಗಿ ನೋಡುವಂಥವು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರನ್ನೂ ಕೆತ್ತಿಟ್ಟಿದ್ದಾನೆ. ಕೆತ್ತಿದವನು ಹೆಸರು ಬರೆಯಬಲ್ಲ ರಾಜ್ಯ ಎಂಥದ್ದು ಎಂದು ಆಟ ಒಮ್ಮೆ ಕೇಳಿಕೊಂಡಿದ್ದರೆ ಅದರ ಒಗಟುಗಳೇ ಬೇರೆಯಾಗುತ್ತಿದ್ದವು. ಕಲಾ ನಿರ್ದೇಶನಕ್ಕೆ ನಾನು ಅದಕ್ಕೆ ಕಣ್ಣು ಮುಚ್ಚಿ ಮತ ಹಾಕುತ್ತೇನೆ, ಲೋಕನಿರ್ಮಾಣಕ್ಕೆ ಹಾಕಲಾರೆ.

ಸರಣಿಯ ಮುಂದಿನ ಭಾಗಗಳ ವಿಚಾರದಲ್ಲಿ ನನ್ನ ನಿಲುವು ಸರಳ. ಹಿಂದಿನ ಆಟದಿಂದ ಬಂದದ್ದನ್ನು ಬಿಟ್ಟು, ಹೊಸದಾಗಿ ಸೇರಿಸಿದ್ದನ್ನು ಮಾತ್ರ ಅಳೆಯಬೇಕು. ಎರವಲು ಲೋಕದ ವಿಭಾಗದ ತೀರ್ಪುಗಾರರಲ್ಲಿ ಆ ನೆಲದ ಒಬ್ಬರಾದರೂ ಇರಲೇಬೇಕು.

ಆ ಎರಡನೆಯ ವಿಭಾಗಕ್ಕೆ ಹೆಸರು ಸೂಚಿಸಲು ಹೇಳಿದರೆ ನಾನು 2023ರ ವೆಂಬಾ ಎಂದು ಬರೆಯುತ್ತೇನೆ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಪುಟ್ಟ ಆಟ ಅದು. ಆ ಮನೆಯೊಡತಿಗೆ ಅವಳ ಅಮ್ಮ ಕೊಟ್ಟ ಅಡುಗೆ ಪುಸ್ತಕದ ಅಕ್ಷರಗಳು ಅಲ್ಲಲ್ಲಿ ಅಳಿಸಿಹೋಗಿವೆ. ಹಬೆ ಎಲ್ಲ ಇಡ್ಲಿಗೂ ತಾಗಬೇಕಾದರೆ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು ಎಂದು ನಾವೇ ಊಹಿಸಬೇಕು. ನನ್ನ ಅಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. "ಹಾಗಲ್ಲ, ಸ್ವಲ್ಪ ತಿರುಗಿಸು" ಎಂದರು. ತಿರುಗಿಸಿದೆ, ಇಡ್ಲಿ ಬೆಂದಿತು.