ತಿಂಗಳ ಕೊನೆಯ ಬಿಸ್ಕತ್ತು
ತಿಂಗಳ ಕೊನೆ ವಾರ ಬಂತು ಅಂದ್ರೆ ನನ್ನ ಕೈ ತಾನಾಗಿಯೇ ಬಿಸ್ಕತ್ತಿನ ಪೊಟ್ಟಣಕ್ಕೆ ಹೋಗುತ್ತದೆ. ಹಣ್ಣನ್ನೂ ಎತ್ತಿಕೊಳ್ಳುತ್ತೇನೆ, ತೂಕಕ್ಕೆ ಹಾಕುವ ಮೊದಲೇ ವಾಪಸ್ ಇಡುತ್ತೇನೆ. ಕೊಳೆತರೆ ದುಡ್ಡು ದಂಡ, ಅಲ್ವಾ? ಪೊಟ್ಟಣವಾದರೆ ಕೆಡುವುದಿಲ್ಲ.

ಅಷ್ಟರಲ್ಲಿ ಯಾರಾದರೂ ಬಂದು, 'ಸ್ವಲ್ಪ ಯೋಚನೆ ಮಾಡಿ ತಿನ್ನಬೇಕಪ್ಪಾ' ಅನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ! ಸಾಲದ ಕಂತು, ಬಾಡಿಗೆ, ಕರೆಂಟ್ ಬಿಲ್ಲು ತಲೆಯಲ್ಲಿ ಗಿರಗಿರ ತಿರುಗುವಾಗ ಯೋಚನೆಗೆ ಜಾಗ ಎಲ್ಲಿದೆ? 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಕಬ್ಬು ಬೆಳೆಗಾರರು ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ, ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ದುಡ್ಡು ಬಂದ ಮೇಲೆ ಅದೇ ಜನ ಚುರುಕಾದರು.

ನನ್ನದೂ ಅಷ್ಟೇ. ಸಂಬಳದ ದಿನ ನಾನು ಬಲು ಶಿಸ್ತಿನ ಮನುಷ್ಯ. ಬುಟ್ಟಿ ತುಂಬ ಸೊಪ್ಪು!