ಬೆರಳು ಸವೆದವರಿಗೆ ಅಕ್ಕಿ ಇಲ್ಲವೇ?

ತಿಂಗಳು ತಿಂಗಳೂ ನ್ಯಾಯಬೆಲೆ ಅಂಗಡಿಯ ಮುಂದೆ ಇದೇ ಗೋಳು. ನೆರೆಮನೆಯ ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಆಧಾರ್ ಬೆರಳಚ್ಚು ನೋಡುವ ಯಂತ್ರದ ಮೇಲೆ ಒತ್ತುತ್ತಾರೆ. ಹೊಂದಲಿಲ್ಲ. ತೋರುಬೆರಳು ಇಡುತ್ತಾರೆ, ಅದೂ ಇಲ್ಲ. ಅಂಗಡಿಯವರು ಒದ್ದೆ ಬಟ್ಟೆ ಕೊಟ್ಟು "ಗಟ್ಟಿಯಾಗಿ ಒತ್ತಿ ಅಜ್ಜಿ" ಎನ್ನುತ್ತಾರೆ. ಆಯುಷ್ಯವಿಡೀ ಬೀಡಿ ಕಟ್ಟಿದ ಬೆರಳುಗಳವು, ಗೆರೆ ಎಲ್ಲಿಂದ ಬರಬೇಕು? ಕೊನೆಗೆ ಸಿಗುವ ಉತ್ತರ "ಸರ್ವರ್ ಇಲ್ಲ, ನಾಳೆ ಬನ್ನಿ". ಹಿಂದೆ ನಿಂತ ಕೂಲಿಯವರಿಗೆ ನಾಳೆ ಎಂದರೆ ಇನ್ನೊಂದು ದಿನದ ಸಂಬಳ ಹೋದಂತೆ.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ (ಬಿಪಿಎಲ್) ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ ಹಕ್ಕು, ಭಿಕ್ಷೆಯಲ್ಲ. ಬೆರಳಚ್ಚು ಹೊಂದದಿದ್ದರೂ ಪಡಿತರ ನಿರಾಕರಿಸಬಾರದು, ಅಂಥವರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು ಎಂದು ಕೇಂದ್ರ ಸರ್ಕಾರವೇ 2017ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಮೊಕದ್ದಮೆಯ 2018ರ ತೀರ್ಪಿನಲ್ಲಿಯೂ ದೃಢೀಕರಣ ವಿಫಲವಾಯಿತೆಂದು ಅರ್ಹರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಮಾತಿದೆ.

ಹಾಗಾದರೆ ಆ ಪುಸ್ತಕ ಎಲ್ಲಿ? ಕೇಳಿದರೆ ಅಂಗಡಿಯವರು ಮುಖ ಮುಖ ನೋಡುತ್ತಾರೆ. ಅವರನ್ನು ಬೈದೂ ಫಲವಿಲ್ಲ, ಯಂತ್ರ ಒಪ್ಪದ ಅಕ್ಕಿಗೆ ಲೆಕ್ಕ ಕೊಡಬೇಕಾದವರು ಅವರೇ. ಆಹಾರ ಇಲಾಖೆಯ ಅಧಿಕಾರಿಗಳೇ, ತಪಾಸಣೆಗೆ ಬಂದಾಗ ತಕ್ಕಡಿಯ ಜೊತೆ ಆ ಪುಸ್ತಕವನ್ನೂ ಕೇಳಿ ನೋಡಿ!